ನಮ್ಮ ತಾತನವರ ಕುದುರೆ

ಯುದ್ಧಕ್ಕೆ ಹೋಗಿಬಂದವರು ಗಂಭೀರರಾಗಿರುವರೆಂದು ಜನರ ಎಣಿಕೆ. ನಮ್ಮ ತಾತನವರು ಇದಕ್ಕೆ ಅಪವಾದವಾಗಿದ್ದರು. ಅವರು ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸವಾರರು. 1918ನೆಯ ಸೆಪ್ಟೆಂಬರ್ 23ರಂದು ಈ ದಳವು ಜೋಧಪುರದ ಸವಾರರೊಡಗೂಡಿ, ಅಂದಿನ ಪ್ಯಾಲೆಸ್ತೀನಿನ ಹೈಫಾ ನಗರವನ್ನು ತುರ್ಕರಿಂದ ಗೆದ್ದುಕೊಂಡಿತು. ಎದುರಿಗೆ ಫಿರಂಗಿ, ಯಂತ್ರಬಂದೂಕುಗಳು. ಇವರ ಕೈಯಲ್ಲಿ ಭರ್ಜಿ, ಕತ್ತಿಗಳು.

“ತಾತ, ನಿಮಗೆ ಹೆದರಿಕೆಯಾಗಲಿಲ್ಲವೇ?” ಎಂದರೆ, “ಆಗದೆ ಏನು ಮಗು! ಹಿಂದಕ್ಕೆ ತಿರುಗೆಂದು ಕುದುರೆಗೆ ಹೇಳಿದೆ. ಅದೋ ಆಸ್ಟ್ರೇಲಿಯಾ ದೇಶದ್ದು. ಕನ್ನಡ ತಿಳಿಯದೆ ಮುಂದಕ್ಕೇ ಓಡಿತು. ಪದಕವು ಮಾತ್ರ ನನಗೆ ಬಂದಿತು” ಎನ್ನುತ್ತಿದ್ದರು. ಸಂಜೆ ಮೊಮ್ಮಕ್ಕಳಿಂದ ಕವಾಯತು ಮಾಡಿಸಿ, ಚೆನ್ನಾಗಿ ಸಲಾಮು ಹೊಡೆದವರಿಗೆ ಕೋಡುಬಳೆ ಹಂಚುತ್ತಿದ್ದರು. ಅಜ್ಜಿಯವರು ಅಡಿಗೆಮನೆಯಿಂದ ಹೊರಬಂದರೆ, “ಜನರಲ್ ಸಾಹೇಬರು ಬಂದರು!” ಎಂದು ತಾವೇ ಮೊದಲು ನೆಟ್ಟಗೆ ನಿಲ್ಲುತ್ತಿದ್ದರು.

ಆ ಕುದುರೆಯು ಊರಿಗೆ ಮರಳಿತೇ ಎಂದು ಕೇಳಿದರೆ ಮಾತ್ರ ಅವರಲ್ಲಿ ಹಾಸ್ಯವಿರುತ್ತಿರಲಿಲ್ಲ. ಮೌನವಾಗಿ ಎದ್ದುಹೋಗಿ ಕೊಟ್ಟಿಗೆಯ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಆ ದಳದ ಸ್ಮಾರಕವು ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ತಾತನವರು ಅಲ್ಲಿಗೆ ಹೋದಾಗಲೆಲ್ಲ ಜೇಬಿನಲ್ಲಿ ಒಂದು ಹಿಡಿ ಹುರುಳಿಯನ್ನು ಒಯ್ಯುತ್ತಿದ್ದರು.

ವಾಚಕರೇ, ಮನೆಯಲ್ಲಿ ನಗಿಸುವ ಹಿರಿಯರಿದ್ದರೆ, ಅವರ ನಗೆಮಾತುಗಳ ನಡುವೆ ಆಡದೆ ಉಳಿದ ಮಾತನ್ನೂ ಗಮನಿಸಿರಿ.