ಮೊದಲು ಮೇವು, ಆಮೇಲೆ ಬಣ್ಣ

ಹೊಸ ಕಾರು ಕೊಳ್ಳುವವರಿಗೆ ಷೋರೂಮಿನಲ್ಲಿ ಎರಡು ಕಾಗದ ಕೊಡುತ್ತಾರೆ. ಒಂದರಲ್ಲಿ ಕಾರಿನ ಬೆಲೆ, ಇನ್ನೊಂದರಲ್ಲಿ ಆಕ್ಸೆಸರೀಸ್ ಪಟ್ಟಿ. ಮೊದಲನೆಯದನ್ನು ಮನೆಮಂದಿಯೆಲ್ಲ ಕೂತು ಹತ್ತು ಸಲ ಓದುತ್ತಾರೆ. ಎರಡನೆಯದಕ್ಕೆ ಖುಷಿಯಲ್ಲಿ ಸಹಿ ಹಾಕಿಬಿಡುತ್ತಾರೆ. ವಿದ್ಯುತ್ ಕಾರಿನ ವಿಷಯದಲ್ಲಿ ಆ ಎರಡನೇ ಕಾಗದವನ್ನೇ ಹೆಚ್ಚು ಎಚ್ಚರದಿಂದ ಓದಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ನಮ್ಮ ತಳಕಿನಂಥ ಊರಿನಲ್ಲಿ ಆ ಕಾರಿಗೆ ನಿಜವಾಗಿ ಬೇಕಾದದ್ದು ಆ ಪಟ್ಟಿಯಲ್ಲಿ ಇರುವುದೇ ಇಲ್ಲ.

ಇದನ್ನು ಬರೆಯಲು ಕಾರಣ ನಮ್ಮ ಚಾಚಾ. ಅವರದು ಟೈಲರ್ ಅಂಗಡಿ. ಬಟ್ಟೆ ತರಲು ಚಳ್ಳಕೆರೆ, ಬಳ್ಳಾರಿಗೆ ಓಡಾಟ ಇದ್ದೇ ಇದೆ. ಪೆಟ್ರೋಲ್ ಖರ್ಚು ತಡೆಯಲಾರದೆ ಈ ವರ್ಷ ಒಂದು ಸಣ್ಣ ವಿದ್ಯುತ್ ಕಾರು ಕೊಳ್ಳಲು ನಿರ್ಧರಿಸಿದರು. ಷೋರೂಮಿನವರು 45,000 ರೂಪಾಯಿಯ ಪ್ಯಾಕೇಜ್ ಮುಂದಿಟ್ಟರು: ಸೀಟ್ ಕವರ್, ಕ್ರೋಮ್ ಪಟ್ಟಿ, ಬಂಪರ್ ಗಾರ್ಡ್, ಬಣ್ಣದ ಎಲ್‌ಇಡಿ ಲೈಟು, ಮ್ಯಾಟು, ಸೆಂಟಿನ ಬಾಟಲಿ. "ಇದು ಕಂಪಲ್ಸರಿ ಸಾರ್, ಸಾಲದಲ್ಲೇ ಸೇರಿಸ್ತೀವಿ, ನಿಮಗೆ ಗೊತ್ತೇ ಆಗಲ್ಲ" ಎಂದರು.

ಗೊತ್ತಾಗಲೆಂದು ನಾನು ಲೆಕ್ಕ ಹಾಕಿದೆ. ಶೇ 9ರ ಬಡ್ಡಿಗೆ ಐದು ವರ್ಷದ ಕಂತು ಎಂದರೆ ತಿಂಗಳಿಗೆ ಸುಮಾರು 934 ರೂಪಾಯಿ. ಐದು ವರ್ಷದಲ್ಲಿ ಕಟ್ಟುವುದು ಸುಮಾರು 56,000. ಅಂದರೆ ಸೀಟ್ ಕವರ್ ಹರಿದು ಹೋದ ಮೇಲೂ ಅದರ ಬಡ್ಡಿ ಕಟ್ಟುತ್ತಲೇ ಇರಬೇಕು. ಪಟ್ಟಿಯನ್ನು ಓದಿ ಹೇಳಿದಾಗ ದಾದಿ ಕೇಳಿದ್ದು ಒಂದೇ ಮಾತು: "ಯೇ ಸಬ್ ಕಾಯ್ಕು?" ಇದೆಲ್ಲ ಯಾತಕ್ಕೆ ಎಂಬ ಆ ಪ್ರಶ್ನೆಯೇ ಈ ಲೇಖನದ ಪ್ರಶ್ನೆ ಕೂಡ.

ಮೊದಲು 'ಕಂಪಲ್ಸರಿ' ಎಂಬ ಮಾತನ್ನೇ ನೋಡೋಣ. ವಾಣಿಜ್ಯ ವಿಭಾಗದ ನಾವು ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆಯ ಪಾಠವನ್ನು ಅಂಕಕ್ಕಾಗಿ ಓದುತ್ತೇವೆ. ಅದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಷರತ್ತು ಹಾಕುವುದನ್ನು ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಇದರ ವಿರುದ್ಧ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಚಾಚಾ ಅಷ್ಟು ದೂರ ಹೋಗಬೇಕಾಗಲಿಲ್ಲ. "ಕಂಪಲ್ಸರಿ ಅಂತ ಬರೆದು ಸೀಲ್ ಹಾಕಿ ಕೊಡಿ" ಎಂದು ಕೇಳಿದರು, ಅಷ್ಟೇ. ಕಂಪಲ್ಸರಿ ಇದ್ದದ್ದು ಅಲ್ಲೇ ಆಪ್ಷನಲ್ ಆಯಿತು.

ಆ ಪಟ್ಟಿಯ ಕೆಲವು ವಸ್ತುಗಳು ಬರೀ ದಂಡವಲ್ಲ, ಅಪಾಯ ಕೂಡ. ಬಂಪರ್ ಗಾರ್ಡ್ ಹಾಕುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ. ಗಾರ್ಡ್ ಅಡ್ಡ ಬಂದರೆ ಡಿಕ್ಕಿಯ ಪೆಟ್ಟು ಸೆನ್ಸರ್‌ಗೆ ಸರಿಯಾಗಿ ತಲುಪದೆ ಏರ್‌ಬ್ಯಾಗ್ ತಡವಾಗಿ ತೆರೆಯಬಹುದು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಬಿಗಿಯಾದ ಸೀಟ್ ಕವರ್ ಹೊಲಿಸಿದರೂ ಅದೇ ತೊಂದರೆ. ಬಣ್ಣದ ಲೈಟಿಗಾಗಿ ವೈರ್ ಕತ್ತರಿಸಿ ಜೋಡಿಸಿದರೆ ವಾರಂಟಿ ಕೈತಪ್ಪುವ ಭಯ ಬೇರೆ.

ಹಾಗಾದರೆ ಬೇಕಾದದ್ದು ಏನು? ನನ್ನ ಪಟ್ಟಿಯಲ್ಲಿ ಮೊದಲನೆಯದು ಮಣ್ಣಿನ ಕೆಳಗಿದೆ: ಅರ್ತಿಂಗ್. ಕಾರಿನ ಜೊತೆ ಬರುವ ಚಾರ್ಜರನ್ನು ಮನೆಯ 15 ಆಂಪಿಯರ್ ಸಾಕೆಟ್‌ಗೆ ಹಾಕಿದರೆ ಅದು 3 ಕಿಲೋವ್ಯಾಟ್‌ಗಿಂತ ಹೆಚ್ಚು ಎಳೆಯುತ್ತದೆ. ಮಿಕ್ಸಿ ಐದು ನಿಮಿಷ ಓಡುತ್ತದೆ, ಕಾರು ಏಳೆಂಟು ಗಂಟೆ ಒಂದೇ ಸಮನೆ ಎಳೆಯುತ್ತದೆ. ಹಳೆಯ ಸಣ್ಣ ವೈರ್, ಎಕ್ಸ್‌ಟೆನ್ಷನ್ ಬಾಕ್ಸ್ ಇದನ್ನು ತಡೆಯುವುದಿಲ್ಲ, ಕಾದು ಕರಗುತ್ತವೆ. ಮೀಟರಿನಿಂದ ನೇರವಾಗಿ ದಪ್ಪ ತಾಮ್ರದ ವೈರ್, ಅದಕ್ಕೇ ಬೇರೆ ಎಂಸಿಬಿ, ಕರೆಂಟು ಸೋರಿದ ತಕ್ಷಣ ಲೈನ್ ಕಡಿಯುವ ಆರ್‌ಸಿಸಿಬಿ, ಒಳ್ಳೆಯ ಅರ್ತಿಂಗ್ ಗುಂಡಿ ಬೇಕು. ಚಳ್ಳಕೆರೆ ರಾಜ್ಯದಲ್ಲೇ ಮಳೆ ತೀರಾ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಒಣಗಿದ ಮಣ್ಣಿನಲ್ಲಿ ಕರೆಂಟು ಸರಿಯಾಗಿ ಭೂಮಿಗೆ ಇಳಿಯುವುದಿಲ್ಲ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಬೇಸಿಗೆಯಲ್ಲಿ ನೀರು ಸುರಿಯುತ್ತಿರಬೇಕು. ಇದನ್ನು ಯಾವ ಷೋರೂಮಿನ ಪಟ್ಟಿಯೂ ಹೇಳುವುದಿಲ್ಲ.

ಎರಡನೆಯದು ಮೀಟರಿನ ಲೆಕ್ಕ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಚಾಚಾ ಮನೆಯಲ್ಲಿ ಉರಿಯುವುದು ಸುಮಾರು 70 ಯೂನಿಟ್. ಕಾರಿನ ಬ್ಯಾಟರಿ 24 ಯೂನಿಟ್ ಹಿಡಿಯುತ್ತದೆ ಎಂದುಕೊಳ್ಳಿ. ಆರು ಸಲ ಪೂರ್ತಿ ಚಾರ್ಜ್ ಮಾಡಿದರೆ 144. ಒಟ್ಟು 214. ಕಾರಿನ ಜೊತೆ ಮನೆಯ ದೀಪದ ಉಚಿತವೂ ಹೋಯಿತು! ವಿದ್ಯುತ್ ವಾಹನದ ಚಾರ್ಜಿಂಗ್‌ಗೆ ಬೆಸ್ಕಾಂನಲ್ಲಿ ಬೇರೆಯೇ ದರ ಇದೆ. ಬೇರೆ ಮೀಟರಿಗೆ ಠೇವಣಿ, ನಿಗದಿತ ಶುಲ್ಕ ಇರುತ್ತವೆ, ನಿಜ. ಎರಡನ್ನೂ ತೂಗಿ ನೋಡಿಯೇ ನಿರ್ಧರಿಸಬೇಕು. ಆದರೆ ತೂಗಿ ನೋಡುವುದು ಕಾರು ಮನೆಗೆ ಬರುವ ಮೊದಲು ಆಗಬೇಕು.

ಮೂರನೆಯದು ಟೈರು. 2020ರ ನಿಯಮ ತಿದ್ದುಪಡಿಯಾದ ಮೇಲೆ, ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಆದರೆ ನಮ್ಮ ರಸ್ತೆ ಬದಿಯ ಬಳ್ಳಾರಿ ಜಾಲಿ ಮುಳ್ಳಿಗೆ ಆ ತಿದ್ದುಪಡಿ ಗೊತ್ತಿಲ್ಲ. ಸ್ಟೆಪ್ನಿ ಇದೆಯೇ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಗಾಳಿ ಪಂಪು, ಪಂಕ್ಚರ್ ಕಿಟ್ ಕಾರಿನಲ್ಲೇ ಇರಲಿ; ಬಳಸುವುದನ್ನು ಮನೆಯ ಹೆಂಗಸರೂ ಕಲಿಯಲಿ. ಇದರ ಜೊತೆ ಮುಂದಿನ ಗಾಜಿಗೆ ಬಿಸಿಲು ಮರೆ, ತೊಳೆಯಲು ಬರುವ ರಬ್ಬರ್ ಮ್ಯಾಟು. ಕಾರು ಕಾಯದಿದ್ದರೆ ಎಸಿ ಕಡಿಮೆ ಸಾಕು, ಬ್ಯಾಟರಿ ಉಳಿಯುತ್ತದೆ.

ಚಾಚಾ ಹೊಸ ಮೀಟರಿನ ವಿಚಾರ ಇನ್ನೂ ತೂಗುತ್ತಿದ್ದಾರೆ. ಅದನ್ನು ಬಿಟ್ಟು ವೈರಿಂಗ್, ಅರ್ತಿಂಗ್‌ಗೆ ಎಲೆಕ್ಟ್ರಿಷಿಯನ್ ಹೇಳಿದ್ದು 9,000. ಉಳಿದ ಸಾಮಾನಿಗೆ 7,000. ಒಟ್ಟು 16,000, ಅದೂ ಸಾಲವಿಲ್ಲದೆ. ಸರ್ಕಾರ ಕೂಡ 2019ರ ಆಗಸ್ಟ್‌ನಿಂದ ವಿದ್ಯುತ್ ಕಾರಿಗೂ ಅದರ ಚಾರ್ಜರಿಗೂ ಜಿಎಸ್‌ಟಿಯನ್ನು ಶೇ 5ಕ್ಕೆ ಇಳಿಸಿತು. ಸೀಟ್ ಕವರಿಗೆ ಆ ರಿಯಾಯಿತಿ ಕೊಡಲಿಲ್ಲ. ಯಾವುದು ಅಗತ್ಯ ಎಂಬುದಕ್ಕೆ ಅದೂ ಒಂದು ಸೂಚನೆ.

"ಹೊಸ ಕಾರಿಗೆ ಚಂದ ಮಾಡಬಾರದೇ?" ಎಂದು ಚಾಚಾನ ಮಕ್ಕಳು ನನ್ನ ಮೇಲೆ ಸಿಟ್ಟಾಗಿದ್ದಾರೆ. ಮಾಡಬಹುದು. ಸೇಲ್ಸ್‌ನಲ್ಲಿರುವ ಹುಡುಗರಿಗೂ ಟಾರ್ಗೆಟ್ ಇರುತ್ತದೆ, ಅವರನ್ನೂ ದೂರುವುದಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ಸೀಮೆ ನಮ್ಮದು. ಆದರೆ ಯಾವ ರೈತನೂ ಮೇವು ಹೊಂದಿಸದೆ ಬಣ್ಣ ತರುವುದಿಲ್ಲ, ಸಾಲ ಮಾಡಿಯಂತೂ ತರುವುದಿಲ್ಲ.

ಸ್ನೇಹಿತರೇ, ನಮ್ಮಲ್ಲಿ ಅನೇಕರ ಮನೆಯಲ್ಲಿ ಇಂಗ್ಲಿಷ್ ಕೊಟೇಶನ್ ಓದಬಲ್ಲವರು ನಾವು ಮಾತ್ರ. ಸ್ಕೂಟರ್ ಇರಲಿ, ಆಟೋ ಇರಲಿ, ಕಾರು ಇರಲಿ, ದೊಡ್ಡವರು ಸಹಿ ಹಾಕುವ ಮೊದಲು ಆ ಎರಡನೇ ಕಾಗದವನ್ನು ಕೈಗೆ ತೆಗೆದುಕೊಳ್ಳಿ. ಒಂದೊಂದು ಸಾಲನ್ನೂ ಅವರ ಭಾಷೆಯಲ್ಲಿ ಓದಿ ಹೇಳಿ, ಪ್ರತಿ ಸಾಲಿಗೂ "ಕಾಯ್ಕು?" ಎಂದು ಕೇಳಿ. ಉತ್ತರ ಸಿಗದ ಸಾಲನ್ನು ಹೊಡೆದುಹಾಕಲು ಒಂದು ಪೆನ್ನು ಸಾಕು.