ಪುಸ್ತಕ ಓಕೆ, ಸಿನಿಮಾ ಯಾಕೆ?

ಡ್ಯಾನ್ ಬ್ರೌನ್ ಬರೆದ ‘ದ ಡಾವಿಂಚಿ ಕೋಡ್’ ಬಂದಿದ್ದು 2003ರಲ್ಲಿ. ಯೇಸುವಿಗೆ ಮದುವೆಯಾಗಿತ್ತು ಅನ್ನೋ ಕಲ್ಪನೆ ಕಾದಂಬರಿಯಲ್ಲೇ ಇತ್ತು. ಆದರೆ ನಮ್ಮ ರಾಜ್ಯ ಸರ್ಕಾರಗಳು ಎದ್ದು ಕೂತಿದ್ದು 2006ರಲ್ಲಿ, ಸಿನಿಮಾ ಬಂದಾಗ. ‘ಇದು ಕಾಲ್ಪನಿಕ’ ಅಂತ ಹಾಕಿಸಿ ಸೆನ್ಸಾರ್ ಮಂಡಳಿ ‘ಎ’ ಸರ್ಟಿಫಿಕೇಟ್ ಕೊಟ್ಟಿದ್ದರೂ ಆಂಧ್ರ, ತಮಿಳುನಾಡು ನಿಷೇಧ ಹೇರಿದವು. ಎರಡೂ ಕಡೆ ಹೈಕೋರ್ಟ್ ಅದನ್ನು ರದ್ದು ಮಾಡಿತು.

ಹಿರೇನಲ್ಲೂರು, ಕಡೂರು ಕಡೆಯವರಿಗೆ ಇದು ಹೊಸದೇನಲ್ಲ, ನಮ್ಮ ಜಿಲ್ಲೆಯಲ್ಲೇ ಇದರ ಹಳೇ ಕಥೆ ಇದೆ. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಅಚ್ಚಾಯ್ತು. ಬೈದವರು ಬೈದರು, ಓದುವವರು ಓದಿದರು. ಅದನ್ನೇ ಪಟ್ಟಾಭಿರಾಮ ರೆಡ್ಡಿ ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಸಿನಿಮಾ ಮಾಡಿದಾಗ ಮದ್ರಾಸಿನ ಸೆನ್ಸಾರ್‌ನವರು ತಡೆದರು. ಅಗ್ರಹಾರದ ಹೆಣ ಪುಟದಲ್ಲಿ ಕೊಳೆತರೆ ನಡೆಯುತ್ತೆ, ತೆರೆ ಮೇಲೆ ಮಾತ್ರ ಬೇಡ! ಕೊನೆಗೆ ಕೇಂದ್ರವೇ ಬಿಡುಗಡೆಗೆ ಒಪ್ಪಿತು. 1970ರ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿಯೂ ಅದಕ್ಕೇ ಬಂತು.

ಈಗ ಪುಸ್ತಕಕ್ಕೂ ಆ ರಿಯಾಯಿತಿ ಇಲ್ಲ. 2013ರಲ್ಲಿ ‘ಢುಂಢಿ’ ಕಾದಂಬರಿಗಾಗಿ ಯೋಗೇಶ್ ಮಾಸ್ಟರ್ ಬಂಧನವಾಯ್ತು. 2017ರಲ್ಲಿ, ಪಕ್ಕದ ದಾವಣಗೆರೆಯಲ್ಲಿ, ಅವರ ಮುಖಕ್ಕೆ ಮಸಿ ಬಳಿದರು. ಸಿನಿಮಾ ಆಗೋವರೆಗೂ ಯಾರೂ ಕಾಯಲಿಲ್ಲ.

ತಮಿಳುನಾಡಿನಲ್ಲಿ ಕೋರ್ಟಿಗೆ ಹೋಗಿದ್ದು ಸೋನಿ ಕಂಪನಿ. ಕನ್ನಡದಲ್ಲಿ ಬರೆಯೋನ ಬೆನ್ನಿಗೆ ಯಾವ ಸೋನಿ ಇದೆ? ದೂರು ಕೊಡೋಕೆ ಒಂದು ಹಾಳೆ ಸಾಕು, ಬರೆದವನು ಮಾತ್ರ ವಕೀಲರನ್ನು ಹುಡುಕ್ಕೊಂಡು ಅಲೀಬೇಕು. ಹಾಗಾಗಿ ನಮ್ಮ ಬೇಡಿಕೆ ಸಣ್ಣದು: ಬಂಧಿಸೋ ಮುಂಚೆ ‘ಪುಸ್ತಕ ಪೂರ್ತಿ ಓದಿದ್ದೇವೆ’ ಅಂತ ಪೊಲೀಸರು ಬರೆದುಕೊಡಲಿ. ನಮಗೆ ಆಗದ ಲೇಖಕರ ವಿಷಯದಲ್ಲೂ, ಅಷ್ಟೇ.