ಮೊಡವೆಗಿಂತ ಕೆಟ್ಟದ್ದು ನಾವು ಹಚ್ಚುವ ಮದ್ದು

ನನ್ನ ಉಪ್ಪ ಉಪ್ಪಿನಂಗಡಿ ಕಡೆಯಿಂದ ಬಂದು ಸಿರುಮುಗೈಯಲ್ಲಿ ಅಂಗಡಿ ಹಾಕಿದವರು. ಭವಾನಿ ಹೊಳೆಯ ಬದಿಯ ಈ ಊರು ರೇಷ್ಮೆ ಸೀರೆಗೆ ಹೆಸರುವಾಸಿ. ಮನೆಯಲ್ಲಿ ಕನ್ನಡವನ್ನೇ ಆಡುವ ದೇವಾಂಗ ನೇಕಾರರೂ ನಮ್ಮ ಗಿರಾಕಿಗಳು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಕೊಯಮತ್ತೂರಿನ ಪಂಪ್ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ಈಗ ಉಪ್ಪನ ಗಲ್ಲಾದಲ್ಲಿ ಕೂತಿದ್ದೇನೆ. ನಾನು ಡಾಕ್ಟರಲ್ಲ. ಆದರೂ ಮೊಡವೆಯ ಬಗ್ಗೆ ಬರೆಯುತ್ತಿದ್ದೇನೆ, ಯಾಕೆಂದರೆ ಈ ವಿಷಯದಲ್ಲಿ ತಪ್ಪು ಮಾಡಿದವನು ನಾನೇ.

ಅಕ್ಕನ ಮಗಳಿಗೆ ಆಗ 15 ವರ್ಷ. ಮುಖ ತುಂಬ ಮೊಡವೆ. ಕುಟುಂಬದಲ್ಲೊಂದು ಮದುವೆ ಹತ್ತಿರ ಬಂದಿತ್ತು. "ಮಾಮ, ಏನಾದರೂ ತಂದುಕೊಡಿ" ಅಂದಳು. ಮೆಡಿಕಲ್‌ಗೆ ಹೋಗಿ ಒಂದು ಟ್ಯೂಬ್ ತಂದುಕೊಟ್ಟೆ. ಚೀಟಿ ಯಾರೂ ಕೇಳಲಿಲ್ಲ. ವಾರದಲ್ಲೇ ಮುಖ ತಿಳಿಯಾಯಿತು, ಮದುವೆ ಮನೆಯಲ್ಲಿ ಎಲ್ಲರೂ ಹೊಗಳಿದರು. ಮದುವೆ ಮುಗಿದರೂ ಅವಳು ಹಚ್ಚುವುದನ್ನು ಬಿಡಲಿಲ್ಲ. ನಾಲ್ಕು ತಿಂಗಳಾಗುವಾಗ ಕೆನ್ನೆ ಕೆಂಪಾಗಿ, ಬಿಸಿಲಿಗೆ ಹೋದರೆ ಉರಿ. ಕ್ರೀಮ್ ಬಿಟ್ಟರೆ ಮೊದಲಿಗಿಂತ ಹೆಚ್ಚು ಮೊಡವೆ. ಕೊನೆಗೆ ಚರ್ಮದ ಡಾಕ್ಟರ್ ಆ ಟ್ಯೂಬಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದರು: ಕ್ಲೊಬೆಟಾಸಾಲ್. ಅದು ಬಲವಾದ ಸ್ಟೀರಾಯ್ಡ್.

ಸ್ಟೀರಾಯ್ಡ್ ಕ್ರೀಮ್ ಕೆಂಪು, ಊತವನ್ನು ಬೇಗ ಇಳಿಸುತ್ತದೆ. ಅದಕ್ಕೇ ನಾವು ಮೋಸ ಹೋಗುವುದು. ದಿನಾ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳ ಕಾಣಿಸುತ್ತದೆ, ಕೂದಲು ಹೆಚ್ಚುತ್ತದೆ, ಮೊಡವೆಯನ್ನೂ ಅದೇ ಎಬ್ಬಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಇದೆ, ಆದರೆ ಚೀಟಿ ಇಲ್ಲದೆ ಕೇಳುವವರು ನಾವೇ.

ಇಷ್ಟಕ್ಕೆಲ್ಲ ಮೂಲ ನಮ್ಮ ತಪ್ಪು ತಿಳಿವಳಿಕೆ. ಮೊಡವೆ ಕೊಳಕಿನಿಂದ ಬರುವುದಲ್ಲ. ಹರೆಯದಲ್ಲಿ ಹಾರ್ಮೋನ್ ಹೆಚ್ಚಿ ಚರ್ಮದೊಳಗಿನ ಗ್ರಂಥಿಗಳು ಜಾಸ್ತಿ ಎಣ್ಣೆ ಬಿಡುತ್ತವೆ. ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಬಾವು ಬರುತ್ತದೆ. ಗ್ರೀಸ್ ಹೋಗುವ ದಾರಿ ಕಟ್ಟಿದ ಯಂತ್ರವನ್ನು ಹೊರಗಿನಿಂದ ಎಷ್ಟು ಒರೆಸಿದರೂ ಸರಿಹೋಗುವುದಿಲ್ಲ, ಇದೂ ಹಾಗೆಯೇ. ಕಪ್ಪು ಚುಕ್ಕಿಯೂ ಕೊಳಕಲ್ಲ, ಗಾಳಿ ತಾಗಿ ಕಪ್ಪಾದದ್ದು. ದಿನಕ್ಕೆ ಎರಡು ಸಲ ಮೆತ್ತಗೆ ತೊಳೆದರೆ ಸಾಕು, ಉಜ್ಜಿದರೆ ಹೆಚ್ಚುತ್ತದೆ.

ನಮ್ಮ ಮನೆಗಳಲ್ಲಿ ಸಿಗಡಿ ನಂಜು, ಬದನೆ ನಂಜು ಎಂದು ಮಕ್ಕಳ ತಟ್ಟೆಯಿಂದ ಎತ್ತಿಡುತ್ತೇವೆ. ಅದೇ ಮಕ್ಕಳಿಗೆ ದಿನಾ ಸಿಹಿ ಪಾನೀಯ ಕೊಡುತ್ತೇವೆ. ಆಹಾರಕ್ಕೂ ಮೊಡವೆಗೂ ಸಂಬಂಧ ಇದ್ದರೆ ಅದು ಸಕ್ಕರೆ, ಮೈದಾದಂಥವುಗಳಲ್ಲಿ, ಕೆಲವರಿಗೆ ಹಾಲಿನಲ್ಲಿ. ತಲೆಗೆ ಸುರಿದ ತೆಂಗಿನೆಣ್ಣೆ ಹಣೆಗೆ ಇಳಿದರೂ ಮೊಡವೆ ಏಳುತ್ತದೆ. ನಿಂಬೆರಸ, ಟೂತ್‌ಪೇಸ್ಟ್ ಹಚ್ಚಿದರೆ ಚರ್ಮ ಸುಡುತ್ತದೆ. "ಮದುವೆಯಾದರೆ ಹೋಗುತ್ತದೆ" ಎನ್ನುವುದು ಸಮಾಧಾನವಲ್ಲ. ಅಷ್ಟರಲ್ಲಿ ಕಲೆ, ಗುಳಿ ಉಳಿದುಬಿಡುತ್ತದೆ.

ಸರಿಯಾದ ಮದ್ದು ಇದೆ, ದುಬಾರಿಯೂ ಅಲ್ಲ. ಸಾಮಾನ್ಯ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಅಥವಾ ಅಡಾಪಲೀನ್. ಆದರೆ ಗುಣ ಕಾಣಲು 8ರಿಂದ 12 ವಾರ ಬೇಕು. ಮೊದಲ ವಾರಗಳಲ್ಲಿ ಸ್ವಲ್ಪ ಒಣಗುತ್ತದೆ, ಉರಿಯುತ್ತದೆ. ನಮ್ಮವರು ಅಲ್ಲಿಗೇ ಬಿಟ್ಟು ಬೇರೆ ಟ್ಯೂಬ್ ಹುಡುಕುತ್ತಾರೆ. ಬೆಂಜಾಯಿಲ್ ಪೆರಾಕ್ಸೈಡ್ ತಾಗಿದರೆ ಬಟ್ಟೆಯ ಬಣ್ಣ ಹೋಗುತ್ತದೆ. ಮಗ್ಗದ ಮನೆಯ ಮಕ್ಕಳಿಗೆ ಇದನ್ನು ಮೊದಲೇ ಹೇಳಬೇಕು. ಗಂಟು ಗಂಟಾಗಿ ಎದ್ದು ಗುಳಿ ಬೀಳುವಂತಿದ್ದರೆ ತಡಮಾಡಬೇಡಿ, ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಇದೆ. ಅದನ್ನು ಡಾಕ್ಟರ ನಿಗಾದಲ್ಲೇ ತೆಗೆದುಕೊಳ್ಳಬೇಕು. ಗರ್ಭಿಣಿಯರಿಗೆ ಅದು ಕೂಡದು, ಮಗುವಿಗೆ ಅಪಾಯ.

ನಮ್ಮಲ್ಲಿ ಅಂಗಡಿ ಇಟ್ಟವರು ಬಹಳ ಜನ. ಅವರಿಗೊಂದು ಮಾತು: ಒಳಗೆ ಏನಿದೆ ಎಂದು ಬರೆಯದ ಕ್ರೀಮ್ ಇಡಬೇಡಿ. ಬಿಳಿಯಾಗಲು ಹಚ್ಚಿದ ಕ್ರೀಮ್‌ಗಳ ಪಾದರಸದಿಂದ ಮೂತ್ರಪಿಂಡ ಕೆಟ್ಟವರನ್ನು ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2023ರಲ್ಲಿ ಕಂಡಿದ್ದಾರೆ. ನಮ್ಮ ಕಪಾಟಿನಿಂದ ಅಂಥವನ್ನು ತೆಗೆದಾಗ ಉಪ್ಪ ಗೊಣಗಿದರು. ಮೊಮ್ಮಗಳ ಕೆನ್ನೆ ನೋಡಿದ ಮೇಲೆ ಸುಮ್ಮನಾದರು.

ಅವಳ ಮುಖ ಈಗ ಸುಧಾರಿಸುತ್ತಿದೆ, ಪೂರ್ತಿ ವಾಸಿಯಾಗಿಲ್ಲ. ಮುಂದಿನ ಮದುವೆಯಲ್ಲಿ ಮೊಡವೆಯಿರುವ ಮಗುವನ್ನು ಕಂಡರೆ "ಮುಖಕ್ಕೇನಾಯ್ತು?" ಎಂದು ಕೇಳಬೇಡಿ. ಓದು ಹೇಗಿದೆ ಎಂದು ಕೇಳಿ. ನಾನು ಆ ಟ್ಯೂಬ್ ತಂದದ್ದು ಇಂಥ ಒಂದು ಪ್ರಶ್ನೆಗೆ ಹೆದರಿ.